ಅಕ್ಕಿಯ ಮುಡಿ



ದಕ್ಷಿಣ ಕನ್ನಡದ ಹಳೆಯ ಬೇಸಾಯದ ಮನೆಗಳಲ್ಲಿ ಕುಂಬಳಕಾಯಿಯಂತೆ ದುಂಡಗಿರುವ ಹುಲ್ಲಿನ ಮೂಟೆಗಳು ಅಟ್ಟದ ಮೇಲೆ ಸಾಲಾಗಿ ಕುಳಿತಿರುತ್ತಿದ್ದವು. ಅವೇ ಅಕ್ಕಿಯ ಮುಡಿಗಳು. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಈ ನಾಡಿನಲ್ಲಿ ಅಕ್ಕಿಯನ್ನು ತೇವದಿಂದ ಕಾಪಾಡಿಕೊಳ್ಳಲು ನಮ್ಮ ಹಿರಿಯರು ಹುಡುಕಿದ ಉಪಾಯವಿದು.

ಮುಡಿಗೆ ಬೇಕಾದುದು ನೀಳವಾದ ಬೈಹುಲ್ಲು ಮಾತ್ರ. ಹುಲ್ಲನ್ನು ಹರಡಿ, ನಡುವೆ ಅಕ್ಕಿಯನ್ನು ಸುರಿದು, ಅಂಚುಗಳನ್ನು ಮೇಲಕ್ಕೆಳೆದು ಮುಚ್ಚುವರು. ಬಳಿಕ ಹುಲ್ಲಿನಿಂದಲೇ ಹೊಸೆದ ಹಗ್ಗವನ್ನು ಸುತ್ತುತ್ತ, ಮರದ ಕೊಡತಿಯಿಂದ ಬಡಿದು ಬಿಗಿಯುವರು. ಅದರಲ್ಲಿ ಸೂಜಿಯಿಲ್ಲ, ನೂಲಿಲ್ಲ; ಬಿಗಿಯೆಲ್ಲವೂ ಕೈಯ ಹದದಲ್ಲಿ. ಅದು ಅಳತೆಯೂ ಹೌದು: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಉಡುಪಿಯ ಪರ್ಯಾಯಕ್ಕೆ ಪೂರ್ವಭಾವಿಯಾದ ಅಕ್ಕಿ ಮುಹೂರ್ತದಲ್ಲಿ ಇಂದಿಗೂ ಮುಡಿಗೆ ಗೌರವದ ಸ್ಥಾನವಿದೆ.

ಆದರೆ ಈ ಸೊಗಸಿನ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಗೇಣಿಯ ಲೆಕ್ಕವೂ ಮುಡಿಯಲ್ಲಿಯೇ ನಡೆಯುತ್ತಿತ್ತು. ಬೆಳೆದವನೇ ಮುಡಿಯನ್ನು ಕಟ್ಟಿ, ತಾನೇ ಹೊತ್ತು, ಧಣಿಯ ಅಂಗಳದಲ್ಲಿ ಇಳಿಸಬೇಕಾಗಿತ್ತು. ಚಾಲಗೇಣಿಯವನಿಗೆ ಮರುವರ್ಷ ಗದ್ದೆಯುಳಿಯುವ ಭರವಸೆಯೂ ಇರಲಿಲ್ಲ. ಆಟಿಯ ತಿಂಗಳು ಬಂದಾಗ ಎಷ್ಟೋ ಗುಡಿಸಲುಗಳಲ್ಲಿ ಅಟ್ಟ ಬರಿದಾಗಿ, ಕೆಸುವಿನೆಲೆಯೂ ಹಲಸಿನ ಬೀಜವೂ ಹಸಿವನ್ನು ನೀಗಬೇಕಾಗುತ್ತಿತ್ತು.

1974ರ ಭೂಸುಧಾರಣೆಯ ಶಾಸನದಿಂದ ಉಳುವವನು ಒಡೆಯನಾದನು. ಗೇಣಿಯೊಡನೆ ಗೇಣಿಯ ಮುಡಿಯೂ ಹೋಯಿತು. ಗೋಣಿಚೀಲ ಅಗ್ಗವಾಯಿತು, ಹೊಸ ತಳಿಗಳ ಗಿಡ್ಡ ಹುಲ್ಲು ಮುಡಿಗೆ ಒದಗದಾಯಿತು. ಇದಕ್ಕಾಗಿ ನಾವು ಮರುಗಬೇಕೆ? ಗೇಣಿಗಾಗಿ ಖಂಡಿತವಾಗಿಯೂ ಬೇಡ. ಆದರೆ ಹೊರೆಯು ಇಳಿದ ಮಾತ್ರಕ್ಕೆ, ಹೊತ್ತವನ ಕೈಯಲ್ಲಿದ್ದ ಜಾಣ್ಮೆಯನ್ನೂ ಮರೆಯಬೇಕೆಂಬ ನಿಯಮವಿಲ್ಲ.

ಅಮೆರಿಕದ ಆಪಲಾಚಿಯ ಬೆಟ್ಟಗಳಲ್ಲಿಯೂ ಬುಟ್ಟಿ ಹೆಣೆಯುವ, ಹಳೆಯ ಬಟ್ಟೆಯಿಂದ ಕೌದಿ ಹೊಲಿಯುವ ಬಡ ಬೇಸಾಯಗಾರರಿದ್ದರು. 1960ರ ದಶಕದಲ್ಲಿ ಜಾರ್ಜಿಯಾ ಪ್ರಾಂತದ ಒಂದು ಶಾಲೆಯ ಮಕ್ಕಳು ತಮ್ಮೂರಿನ ವೃದ್ಧರನ್ನು ಕಂಡು, ಅವರ ಕಸುಬುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, 'ಫಾಕ್ಸ್‌ಫೈರ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಬಳಿಕ ಅದು ಪುಸ್ತಕಮಾಲೆಯಾಗಿ ಬೆಳೆಯಿತು. ಅದಕ್ಕೆ ಬೇಕಾದ ಬಂಡವಾಳವೆಂದರೆ ಕೇಳುವ ಕಿವಿ, ಬರೆಯುವ ಕೈ.

ಮಂಗಳೂರಿನ ನನ್ನ ತರಗತಿಯಲ್ಲಿ ಒಮ್ಮೆ ಕೇಳಿದೆನು: "ಮುಡಿಯನ್ನು ನೋಡಿದವರೆಷ್ಟು ಮಂದಿ?" ಹಲವರು ಕೈಯೆತ್ತಿದರು, ಕಂಡದ್ದು ವಸ್ತುಪ್ರದರ್ಶನದಲ್ಲಿ. "ಕಟ್ಟಬಲ್ಲವರು?" ಯಾರೂ ಇಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ನಮ್ಮ ಅಜ್ಜನಿಗೆ ಬರುತ್ತದೆ ಸರ್, ಆದರೆ ನಾವು ಯಾರೂ ಕೇಳಲಿಲ್ಲ" ಎಂದಳು.

ನಿಮ್ಮ ಮನೆಯಲ್ಲಿಯೂ ಅಂತಹ ಅಜ್ಜನಿರಬಹುದು. ಈ ಆಟಿಯ ಮಳೆಯಲ್ಲಿ ಒಂದು ಸಂಜೆ ಅವರ ಬಳಿ ಕುಳಿತು, ಮುಡಿ ಕಟ್ಟಿದ ಬಗೆಯನ್ನು ಕೇಳಿರಿ. ಅದನ್ನು ಹೊತ್ತ ಕಥೆಯನ್ನೂ ಕೇಳಿರಿ. ಎರಡನ್ನೂ ಒಟ್ಟಿಗೆ ಬರೆದಿಡಿರಿ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧಸತ್ಯವಾದೀತು.