ಶಾಶ್ವತ ಕೃಷಿ: ಹಿತ್ತಲಿನಿಂದ ಹೊಲಕ್ಕೆ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘದ ಗೋದಾಮಿನಿಂದ ಯೂರಿಯಾ ಚೀಲ ಹೊತ್ತೊಯ್ಯುವವರೂ ನಾವೇ, ಈ ಹೊತ್ತು ಗೊಬ್ಬರದ ಖರ್ಚು ಇಳಿಸ್ರಿ ಎಂದು ಹೇಳಲು ನಿಂತವರೂ ನಾವೇ. ನಗಬೇಡ್ರಿ. ಬೆಳೆಸಾಲದ ಲೆಕ್ಕ ಎಲ್ಲರಿಗೂ ಗೊತ್ತದ. ಬೀಜ, ಗೊಬ್ಬರ, ಔಷಧ ಸಾಲದಾಗ ಬರ್ತಾವ; ರಾಶಿಯಾದ ಮೇಲೆ ಕೈಯಾಗ ಉಳಿಯುವುದು ರಸೀದಿ.

ಪರ್ಮಾಕಲ್ಚರ್ ಎಂಬ ಹೆಸರು ಆಸ್ಟ್ರೇಲಿಯಾದ್ದು. ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಎಂಬಿಬ್ಬರು 1978ರಲ್ಲಿ ಪುಸ್ತಕ ಬರೆದು ಪ್ರಚಾರಕ್ಕೆ ತಂದರು. ನಮ್ಮ ಬೀದರಿನ ಮಗ್ಗುಲಿನ ಜಹೀರಾಬಾದ್ ಸೀಮೆಯಲ್ಲಿ ಅರಣ್ಯ ಸಂಸ್ಥೆಯವರು ಇದನ್ನು ಮಾಡಿ ತೋರಿಸಿದ್ದಾರೆ. 2017ರಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಸಮಾವೇಶವೂ ಆಯಿತು. ತಿರುಳು ಇಷ್ಟೇ: ಮಳೆನೀರು ಹೊಲ ಬಿಟ್ಟು ಓಡಬಾರದು, ಕಸಕಡ್ಡಿ ಮಣ್ಣಿಗೇ ಮರಳಬೇಕು, ಒಂದೇ ಬೆಳೆ ನಂಬಿ ಕೂಡಬಾರದು, ದಿನಾ ನೋಡಬೇಕಾದದ್ದು ಮನೆ ಹತ್ತಿರ ಇರಬೇಕು. ತೊಗರಿ ಜೊತೆ ಸಜ್ಜಿ, ಎಳ್ಳು, ಹೆಸರು ಬಿತ್ತುತ್ತಿದ್ದ ನಮ್ಮ ಅಜ್ಜಂದಿರಿಗೆ ಇದರಲ್ಲಿ ಅರ್ಧ ಗೊತ್ತಿತ್ತು.

ನಾವು ಮೊದಲ ವರ್ಷ ಮಾಡಿದ ತಪ್ಪು ಹೇಳ್ತೀವಿ. ಊರಿಂದ ದೂರದ ಎರಡು ಎಕರೆಯಾಗ ಒಂದೇ ಸಲ ನೂರಾ ಇಪ್ಪತ್ತು ಸಸಿ ಹಚ್ಚಿದೆವು. ದೀಪಾವಳಿ ತನಕ ಚಂದ ಇದ್ದವು. ಆಮೇಲೆ ಕುರಿ ನುಗ್ಗಿದವು, ಬ್ಯಾಸಗಿಯಾಗ ಕೊಡ ಹೊತ್ತು ನೀರು ಹಾಕುವವರಿಲ್ಲ. ಯುಗಾದಿಗೆ ಎಣಿಸಿದರೆ ಹನ್ನೊಂದು. ಆಗ ನಮ್ಮ ಮನೆಯವರು ಅಂದ್ರು: “ಬಚ್ಚಲ ನೀರು ಓಣಿಗೆ ಹರೀಲಿಕ್ಕತ್ತದ, ನೀವು ನೀರು ಹುಡುಕ್ಕೋತ ಹೊಲಕ್ಕ ಹೊಂಟೀರಿ.” ನಮ್ಮ ಪಾಠ ಅಲ್ಲಿಂದ ಶುರುವಾಯ್ತು. ಬಚ್ಚಲ ಮೋರಿಯ ಬಾಯಿಗೆ ಕುಣಿ ತೋಡಿ ಸುತ್ತ ಬಾಳೆ, ಪಪ್ಪಾಯಿ, ನುಗ್ಗಿ, ಕರಿಬೇವು ಹಚ್ಚಿದೆವು. ಎರಡು ವರ್ಷ ಅಲ್ಲೇ ಕಲಿತು, ಆಮೇಲೆ ಹೊಲದಾಗ ಐದು ಗುಂಟೆಗೆ ಕೈ ಹಾಕಿದೆವು.

ಹೊಲದಾಗ ಮೊದಲ ಮಳೆಗಾಲ ಎಂದಿನ ಬೆಳೆ ಇರಲಿ; ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದ, ಅಷ್ಟೇ ನೋಡ್ರಿ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ಆಗ್ತದ. ಮೂರು ಕಟ್ಟಿಗೆಯನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಿ, ತುದಿಯಿಂದ ಹುರಿಗೆ ಕಲ್ಲು ತೂಗಬಿಡ್ರಿ. ಹುರಿ ಅಡ್ಡಕಟ್ಟಿಗೆಯ ನಡುಗುರುತಿಗೆ ನಿಂತರೆ ಎರಡೂ ಕಾಲು ಸಮ. ಹೀಗೆ ಹೆಜ್ಜೆ ಹೆಜ್ಜೆಗೆ ಗೂಟ ಹೊಡೆದ ಗೆರೆಯ ಮೇಲೆ ಮೊಳದಾಳ ತಗ್ಗು ತೋಡಿ, ಮಣ್ಣನ್ನು ಕೆಳಬದಿಗೆ ಒಡ್ಡು ಹಾಕಿ, ಒಡ್ಡಿನ ಮೇಲೆ ತೊಗರಿ, ನುಗ್ಗಿ, ಗ್ಲಿರಿಸಿಡಿಯಾ ಹಚ್ಚಬೇಕು. ಎರಿ ಮಣ್ಣಿನಾಗ ನೀರು ಬೇಗ ಇಂಗುವುದಿಲ್ಲ, ನಿಂತರೆ ತೊಗರಿ ಬೇರು ಕೊಳೀತದ. ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಬಿಡಲೇಬೇಕು. ದನ ತಿಂದು ಬಿಟ್ಟ ಕಣಕಿ, ರವದಿ ಸುಡದೆ ನೆಲಕ್ಕೆ ಹೊದಿಸ್ರಿ. ಗೆದ್ದಲಿನ ಕಾಟಕ್ಕೆ ಗಿಡದ ಬುಡದಿಂದ ಒಂದು ಗೇಣು ಬಿಡ್ರಿ.

ಕಾಲುವೆ ಕೆಳಗಿನವರು ಮಾತ್ರ ಈ ತಗ್ಗು ತೋಡಬಾರದು. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಭತ್ತ ಕಂಡೆವು, ಸವಳು-ಜವಳನ್ನೂ ಕಂಡೆವು. ಅಂಥ ಹೊಲಕ್ಕೆ ಬೇಕಾದದ್ದು ಬಸಿಗಾಲುವೆ. ಅದು ಒಬ್ಬನ ಕೈಲಾಗದು, ಮೇಲಿನವನ ಬಸಿನೀರು ಕೆಳಗಿನವನ ಹೊಲಕ್ಕೇ ಇಳೀತದ. ಇದಕ್ಕೆ ಸಂಘವೇ ಮುಂದಾಗಬೇಕೆಂದು ನಮ್ಮ ಕಳಕಳಿಯ ವಿನಂತಿ.

ಇದೆಲ್ಲಕ್ಕೆ ಸಾಲ ತೆಗೀಬೇಡ್ರಿ, ಇಡೀ ಹೊಲಕ್ಕೆ ಯೂರಿಯಾ ಒಮ್ಮೆಲೇ ಬಿಡಲೂ ಬೇಡ್ರಿ. ಆ ಐದು ಗುಂಟೆಯಿಂದ ನಮ್ಮ ಸಾಲ ತೀರಿಲ್ಲ. ಸಂತೆಯಾಗ ಕಾಯಿಪಲ್ಲೆ ಕೊಳ್ಳುವುದು ಮಾತ್ರ ಬಹಳಷ್ಟು ನಿಂತದ.

ನಾವು ಕಟ್ಟಿದ ಕಟ್ಟಿಗೆ ಚೌಕಟ್ಟನ್ನು ಸಂಘದ ಕಚೇರಿಯ ಪಡಸಾಲೆಯಾಗ ಇಟ್ಟೀವಿ. ಬೇಕಾದವರು ಒಯ್ಯಬಹುದು. ಕೆಲಸ ಮುಗಿದ ಕೂಡಲೇ ತಂದು ಇಡ್ರಿ, ಮುಂದಿನವರು ಕಾಯ್ತಿರ್ತಾರ.