ಬ್ಯಾಕ್ ನಿಂತವನ ಕಥೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಮುಖ್ಯ ಶಿಕ್ಷಕರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್‌ನಲ್ಲಿ ಮುಂದೆ ಬಂದ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಿ" ಅಂದರು. ನಾನು ಮುಂದೆ ಬಂದಿದ್ದು ಅಷ್ಟರಲ್ಲೇ ಇದೆ. ಅದಕ್ಕೇ ಇವತ್ತು ಒಬ್ಬ ಫುಟ್‌ಬಾಲ್ ಆಟಗಾರನ ಬಗ್ಗೆ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಈ ಶಾಲೆಯಲ್ಲಿ ಫುಟ್‌ಬಾಲ್ ಇರಲಿಲ್ಲ. ಹಳೇ ವಾಲಿಬಾಲನ್ನೇ ಒದೆಯುತ್ತಿದ್ದೆವು. ಆಟ ಬರದವರನ್ನು "ನೀನು ಬ್ಯಾಕ್ ನಿಲ್ಲೋ" ಅನ್ನುತ್ತಿದ್ದರು. ಮೂರು ವರ್ಷವೂ ನಾನು ಬ್ಯಾಕ್ ನಿಂತವನು. ಹಾಗಾಗಿ ಈಗಲೂ ಶನಿವಾರ ಮ್ಯಾಚ್ ನೋಡುವಾಗ ಗೋಲು ಹೊಡೆಯುವವರಿಗಿಂತ ಹಿಂದೆ ನಿಂತವರ ಮೇಲೇ ಕಣ್ಣು. ನಮ್ಮ ಕೆಲಸವೂ ಅಂಥದ್ದೇ ಅನ್ನಿ. ರಾತ್ರಿ ಸರ್ವರ್ ಬಿದ್ದರೆ ಹತ್ತು ಫೋನು ಬರುತ್ತವೆ. ಬೀಳದೇ ಇದ್ದರೆ ಶಭಾಷ್ ಅನ್ನಲು ಒಬ್ಬರೂ ಫೋನ್ ಮಾಡುವುದಿಲ್ಲ.

ಆ ಆಟಗಾರನ ಹೆಸರು ವಿಲಿಯಂ ಸಲೀಬಾ. ಫ್ರಾನ್ಸಿನವನು. 2001ರ ಮಾರ್ಚ್‌ನಲ್ಲಿ ಪ್ಯಾರಿಸ್ ಪಕ್ಕದ ಬೊಂಡಿ ಎಂಬಲ್ಲಿ ಹುಟ್ಟಿದ. ನೀವೆಲ್ಲ ಹೆಸರು ಕೇಳಿರುವ ಎಂಬಾಪೆಯ ಊರೂ ಅದೇ. ಎಂಬಾಪೆಯ ಅಪ್ಪ ಅಲ್ಲಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು, ಅವರ ಕೈಕೆಳಗೆ ಕಲಿತವರಲ್ಲಿ ಇವನೂ ಒಬ್ಬ. 2018ರಲ್ಲಿ, ಹದಿನೇಳನೇ ವಯಸ್ಸಿಗೆ, ಸೇಂಟ್ ಎಟಿಯೆನ್ ಎಂಬ ಕ್ಲಬ್ಬಿಗೆ ಮೊದಲ ಮ್ಯಾಚ್ ಆಡಿದ. ಮಾರನೇ ವರ್ಷವೇ ಲಂಡನ್ನಿನ ಆರ್ಸೆನಲ್ ಕ್ಲಬ್ ಸುಮಾರು 2.7 ಕೋಟಿ ಪೌಂಡ್ ಕೊಟ್ಟು ಅವನನ್ನು ಕೊಂಡಿತು. ನಮ್ಮ ಲೆಕ್ಕದಲ್ಲಿ ಇನ್ನೂರು ಕೋಟಿ ರೂಪಾಯಿಗೂ ಮೇಲೆ. ಆಗ ಅವನಿಗೆ ಹದಿನೆಂಟು.

ಇಷ್ಟಾದ ಮೇಲೆ ಮೂರು ವರ್ಷ ಅವನು ಆರ್ಸೆನಲ್‌ಗೆ ಒಂದೇ ಒಂದು ಮುಖ್ಯ ಪಂದ್ಯವನ್ನೂ ಆಡಲಿಲ್ಲ.

ಮೊದಲ ವರ್ಷ ಹಳೇ ಕ್ಲಬ್ಬಿಗೇ ಎರವಲು ಕೊಟ್ಟರು. ಅಲ್ಲಿ ಕಾಲಿನ ಮೂಳೆ ಮುರಿಯಿತು. 2020ರ ಜುಲೈನಲ್ಲಿ ಆ ಕ್ಲಬ್ ಫ್ರೆಂಚ್ ಕಪ್ ಫೈನಲ್ಲಿಗೆ ಬಂತು. ಆದರೆ ಎರವಲಿನ ಅವಧಿ ಮುಂದುವರಿಸುವ ಬಗ್ಗೆ ಎರಡು ಕ್ಲಬ್‌ಗಳಿಗೂ ಒಪ್ಪಂದ ಆಗದೆ ಅವನಿಗೆ ಫೈನಲ್ ತಪ್ಪಿತು. ಲಂಡನ್ನಿಗೆ ಬಂದರೆ, ತರಬೇತುದಾರ ಆರ್ಟೆಟಾ ಅವನನ್ನು ಯುರೋಪಾ ಲೀಗ್ ಪಟ್ಟಿಯಿಂದಲೇ ಬಿಟ್ಟರು. 2021ರ ಜನವರಿಯಲ್ಲಿ ನೀಸ್ ಕ್ಲಬ್ಬಿಗೆ ಎರವಲು, ಆಮೇಲೆ ಮಾರ್ಸೆಗೆ ಎರವಲು. ಮಾರ್ಸೆಯಲ್ಲಿ ಒಂದು ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಪಂದ್ಯ ಆಡಿ, ಫ್ರೆಂಚ್ ಲೀಗಿನ ಅತ್ಯುತ್ತಮ ಯುವ ಆಟಗಾರ ಅನ್ನಿಸಿಕೊಂಡ.

ಈ ಮೂರು ವರ್ಷದ ಕಥೆ ಓದಿದಾಗ ನನಗೆ ನನ್ನದೇ ನೆನಪಾಯಿತು. 2012ರಲ್ಲಿ ಬಿ.ಇ. ಮುಗಿಯುವ ಹೊತ್ತಿಗೆ ನನ್ನ ಕೈಯಲ್ಲಿ ಒಂದು ಕಂಪನಿಯ ಆಫರ್ ಲೆಟರ್ ಇತ್ತು. ಅಪ್ಪ ಊರಿಗೆಲ್ಲ ಲಾಡು ಹಂಚಿಬಿಟ್ಟಿದ್ದರು. ಕೆಲಸಕ್ಕೆ ಬಾ ಎಂಬ ಕರೆ ಮಾತ್ರ ಹದಿನಾಲ್ಕು ತಿಂಗಳು ಬರಲಿಲ್ಲ. ಕೆಲಸ ಇಲ್ಲದವನಿಗೆ ಕೆಲಸ ಇಲ್ಲ ಅಂತಲಾದರೂ ಹೇಳಬಹುದು. ಕಾಗದ ಇಟ್ಟುಕೊಂಡು ಮನೆಯಲ್ಲಿ ಕೂತವನು ಏನು ಹೇಳಬೇಕು? "ಯಾವಾಗಪ್ಪ ಬೆಂಗಳೂರಿಗೆ?" ಅಂತ ಕೇಳುತ್ತಾರೆಂದು ಬಸ್‌ಸ್ಟ್ಯಾಂಡ್ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಕಾಗದವನ್ನು ಅಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದರು. ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು.

ಸಲೀಬಾ ವಿಷಯಕ್ಕೆ ಬರುತ್ತೇನೆ. ಕಡೆಗೂ 2022ರ ಆಗಸ್ಟ್ 5ರಂದು ಆರ್ಸೆನಲ್ ಅಂಗಿ ತೊಟ್ಟು ಲೀಗ್ ಪಂದ್ಯಕ್ಕೆ ಇಳಿದ. ಎಂಟು ದಿನದ ಮೇಲೆ ತವರು ಮೈದಾನದಲ್ಲಿ ಲೆಸ್ಟರ್ ವಿರುದ್ಧ ಪಂದ್ಯ. ಚೆಂಡನ್ನು ಹೊರಗೆ ತಳ್ಳಲು ಹೋಗಿ ತಲೆಯಿಂದ ತನ್ನದೇ ಗೋಲಿಗೆ ಹಾಕಿಬಿಟ್ಟ! ಮೂರು ವರ್ಷ ಕಾದು, ಮನೆಯಂಗಳದಲ್ಲಿ ಮೊದಲ ಗೋಲು ಎದುರಾಳಿಗೆ. ನಾನಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದೆ. ಆದರೆ ಜನ ಎದ್ದು ಚಪ್ಪಾಳೆ ತಟ್ಟಿ ಅವನ ಹೆಸರು ಕೂಗಿದರು. ಪಂದ್ಯವನ್ನು ಆರ್ಸೆನಲ್ 4–2ರಲ್ಲಿ ಗೆದ್ದಿತು. ಮುಂದಿನ ವಾರವೇ ಬೋರ್ನ್‌ಮತ್ ಮೇಲೆ ದೂರದಿಂದ, ಅದೂ ಎಡಗಾಲಿನಿಂದ, ಒಂದು ಗೋಲು ಹೊಡೆದ.

ಅವನ ಆಟ ನೋಡಲು ಅಬ್ಬರವಿಲ್ಲ. ನೆಲಕ್ಕೆ ಬಿದ್ದು ಜಾರಿ ಚೆಂಡು ಕಸಿಯುವುದು ಕಡಿಮೆ. ಎದುರಾಳಿಯ ಪಕ್ಕದಲ್ಲೇ ಓಡಿ, ಅವನು ತಪ್ಪು ಮಾಡುವವರೆಗೆ ಕಾದು, ಚೆಂಡು ತೆಗೆದುಕೊಂಡು ಬರುತ್ತಾನೆ. ಅವನ ಬೆಲೆ ಗೊತ್ತಾಗಿದ್ದು ಅವನು ಇಲ್ಲದಾಗ. 2023ರ ಮಾರ್ಚ್‌ನಲ್ಲಿ ಬೆನ್ನುನೋವಾಗಿ ಹೊರಗೆ ಕೂತ. ಆಗ ಲೀಗಿನಲ್ಲಿ ಆರ್ಸೆನಲ್ಲೇ ಮುಂದಿತ್ತು. ಏಪ್ರಿಲ್‌ನಲ್ಲಿ ಸಾಲಾಗಿ ಮೂರು ಪಂದ್ಯ ಡ್ರಾ ಆದವು, ಏಳು ಗೋಲು ಬಿಟ್ಟುಕೊಟ್ಟರು, ಪ್ರಶಸ್ತಿ ಕೈ ತಪ್ಪಿತು. ಅವನೊಬ್ಬನಿಂದಲೇ ಹೋಯಿತು ಅನ್ನಲಾರೆ, ಆದರೆ ಹಿಂದಿನ ಗೋಡೆಯ ಒಂದು ಕಲ್ಲು ಜಾರಿದ್ದಂತೂ ಕಂಡಿತು. ಮಾರನೇ ಸೀಸನ್ನಿನಲ್ಲಿ ಲೀಗಿನ 38 ಪಂದ್ಯವನ್ನೂ ಒಂದು ನಿಮಿಷ ಬಿಡದೆ ಆಡಿದ. ಆ ವರ್ಷ ಲೀಗಿನಲ್ಲಿ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡ ಆರ್ಸೆನಲ್, ಬರೀ 29. ಆದರೂ ಬಂದಿದ್ದು ಎರಡನೇ ಸ್ಥಾನವೇ.

ನನ್ನ ಹದಿನಾಲ್ಕು ತಿಂಗಳಲ್ಲಿ ಒಂದು ಸಂಜೆ ನಮ್ಮ ಗಣಿತದ ಮೇಷ್ಟ್ರು ಹಾಲಿನ ಡೇರಿ ಹತ್ತಿರ ಸಿಕ್ಕಿಬಿಟ್ಟರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಕೆಲಸದ ಬಗ್ಗೆ ಕೇಳೇ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. "ಏನೋ, ಸಂಜೆ ಹೊತ್ತು ಖಾಲಿ ಇದ್ದೀಯಲ್ಲ, ಹತ್ತನೇ ಕ್ಲಾಸಿನವರಿಗೆ ತ್ರಿಕೋನಮಿತಿ ಹೇಳಿಕೊಡು ಬಾ. ನನಗೆ ಗಂಟಲು ನೋವು" ಅಂದರು. ಹೋದೆ. ಮೇಷ್ಟ್ರ ಗಂಟಲು ನೋವು ಐದು ತಿಂಗಳು ವಾಸಿಯಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠವನ್ನು ಕೇಳುತ್ತಿದ್ದರು, ಬೋರ್ಡಿನಲ್ಲಿ ತಪ್ಪಿದರೆ ಅಲ್ಲಿಂದಲೇ ಕೆಮ್ಮುತ್ತಿದ್ದರು. ಮನೆಯಿಂದ ಹೊರಗೆ ಕಾಲಿಟ್ಟಿದ್ದು, ತಲೆ ಎತ್ತಿ ನಡೆದಿದ್ದು ಆ ಐದು ತಿಂಗಳಲ್ಲೇ. ಕರೆ ಬಂದಾಗ, ನಿಜ ಹೇಳುತ್ತೇನೆ, ಅರ್ಧ ಮನಸ್ಸಿನಿಂದಲೇ ಬಸ್ ಹತ್ತಿದೆ.

ಆ ಮೇಷ್ಟ್ರು ಇವತ್ತು ಎದುರಿಗೆ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಗಂಟಲು ಈಗ ಹೇಗಿದೆ ಸಾರ್? ಆ ಬ್ಯಾಚಿನ ಇಬ್ಬರು ಹುಡುಗರು ಹಿಂದೆ ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದಾರೆ, ಸಾಕು ನಿಲ್ಲಿಸಿ ಅಂತ ಆಗಿನಿಂದ ಕೈ ತೋರಿಸುತ್ತಿದ್ದಾರೆ. ನಿಲ್ಲಿಸುತ್ತೇನೆ.