ಗಾಜಿನ ಭರಣಿಯಲ್ಲಿ ನೀರುಗಿಡ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವ್ಯಾಕರಣ ಛಂದಸ್ಸುಗಳನ್ನು ಬೋಧಿಸುವವನು ನೀರುಗಿಡಗಳನ್ನು ಕುರಿತು ಮಾತನಾಡಲು ನಿಂತಿರುವುದು ತಮಗೆ ಸೋಜಿಗವೆನಿಸಬಹುದು. ಅದಕ್ಕೂ ಮಿಗಿಲಾಗಿ, ಮಳೆಗಾಲದಲ್ಲಿಯೂ ಮುಗಿಲು ನೋಡುತ್ತ ಕುಳಿತುಕೊಳ್ಳುವ ನಮ್ಮ ಮಂಗಳವೇಢೆಯ ಸೀಮೆಯಲ್ಲಿ ಭರಣಿಯ ತುಂಬ ನೀರಿಟ್ಟು ಗಿಡ ಬೆಳೆಸುವುದು ಉಳ್ಳವರ ಚೆಲ್ಲಾಟವಲ್ಲವೇ ಎಂದು ಕೇಳಬಹುದು. ನಮ್ಮ ಅವ್ವನೂ ಇದನ್ನೇ ಕೇಳಿದ್ದಳು. ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಸಾಗಿದ 2016ರ ಬೇಸಿಗೆ ಅದು. "ಮಂದಿಗೆ ಕುಡಿಯಾಕ ನೀರಿಲ್ಲ, ನೀ ಕಸಕ್ಕ ನೀರ ಕುಡಸ್ತಿ ಏನಪಾ?" ಎಂದಳು. ನಾನು ನಿರುತ್ತರನಾದೆನು. ಭರಣಿಯ ನೀರನ್ನು ತುಳಸಿಗೆ ಸುರಿದು, ಗಿಡದ ಮೂರು ತುಂಡುಗಳನ್ನು ಮಾತ್ರ ಒಂದು ಲೋಟದಲ್ಲಿ ಉಳಿಸಿಕೊಂಡೆನು. ನಾನು ಅದನ್ನು ತಂದಿದ್ದ ಬಾವಿ ಆ ವರ್ಷವೇ ಬತ್ತಿಹೋಯಿತು. ಇಂದು ನಮ್ಮ ಮನೆಯಲ್ಲಿಯೂ ಶಾಲೆಯ ಕಪಾಟಿನ ಮೇಲೆಯೂ ಇರುವುದೆಲ್ಲ ಆ ಲೋಟದ ಸಂತತಿಯೇ.

ಆ ಗಿಡದ ಹೆಸರು ಹೈಡ್ರಿಲ್ಲಾ. ಆಲಿಕೆಯ ಅಡಿಯಲ್ಲಿ ಇದನ್ನಿಟ್ಟು ಬಿಸಿಲಿಗೆ ಹಿಡಿದರೆ ಆಮ್ಲಜನಕದ ಗುಳ್ಳೆಗಳು ಏಳುವುದನ್ನು ಮಕ್ಕಳು ವಿಜ್ಞಾನದ ತರಗತಿಯಲ್ಲಿ ಕಂಡಿರುತ್ತಾರೆ. ನಮ್ಮವರು ಇದನ್ನು ಹಾವಸೆಯೆನ್ನುವರು, ಮರಾಠಿಯ ನೆರೆಯವರು ಶೇವಾಳವೆನ್ನುವರು, ಎರಡೂ ಸಲ್ಲವು. ಹಾವಸೆಗೆ ಕಾಂಡವಿಲ್ಲ, ಗೆಣ್ಣಿಲ್ಲ, ಹೂವಿಲ್ಲ. ಇದಕ್ಕೆ ಮೂರೂ ಉಂಟು.

ಗೆಣ್ಣೆಂದೊಡನೆ ನಮ್ಮ ಒಕ್ಕಲು ಮಕ್ಕಳಿಗೆ ಬೇರೆ ವಿವರಣೆ ಬೇಕಿಲ್ಲ. ಕಬ್ಬನ್ನು ಬೀಜದಿಂದ ಬಿತ್ತುವವರುಂಟೇ? ಕಣ್ಣಿರುವ ಗೆಣ್ಣು ನೋಡಿ ತುಂಡು ಮಾಡಿ ನೆಡುತ್ತೇವೆ. ಜೋಳದ ದಂಟಿನ ಕೆಳಗೆಣ್ಣುಗಳಿಂದ ನೆಲದ ಮೇಲೆಯೇ ಬೇರುಗಳು ಹೊರಟು ಮಣ್ಣನ್ನು ಹಿಡಿಯುವುದನ್ನೂ ಕಂಡಿದ್ದೇವೆ. ನೀರುಗಿಡದ ವಿದ್ಯೆಯೂ ಅದೇ. ಎಳೆಯ ತುದಿಯಿಂದ 5-6 ಅಂಗುಲ ಅಳೆದು, ಗೆಣ್ಣಿನ ತುಸು ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಕೆಳಗಿನ ಎರಡು ಗೆಣ್ಣುಗಳ ಎಲೆಗಳನ್ನು ಬಿಡಿಸಿ, ಆ ಭಾಗವನ್ನು ಮರಳಿನಲ್ಲಿ ಊರಬೇಕು. ಒಂದೆರಡು ವಾರಗಳಲ್ಲಿ ಬಿಳಿಯ ಬೇರುಗಳು ಕಾಣುತ್ತವೆ. ಕತ್ತರಿಸಿದ ತಾಯಿಗಿಡವನ್ನು ಕಿತ್ತೆಸೆಯಬಾರದು. ಅದರ ಗೆಣ್ಣುಗಳಿಂದ ಪಕ್ಕದ ಕುಡಿಗಳು ಒಡೆಯುತ್ತವೆ.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ಹೊಲದ ಎರೆಮಣ್ಣು ಜೋಳಕ್ಕೆ ಅಮೃತವಾದರೆ ಇದಕ್ಕೇಕಾಗದೆಂದು ತರ್ಕಿಸಿ, ಹತ್ತು ಕಡ್ಡಿಗಳನ್ನು ದಾರದಿಂದ ಬಿಗಿದು ಆ ಮಣ್ಣಿನಲ್ಲಿ ಆಳವಾಗಿ ನೆಟ್ಟಿದ್ದೆನು. ನಾಲ್ಕೇ ದಿನಗಳಲ್ಲಿ ನೀರು ನಾರಿತು. ನೀರು ತಿಳಿಯಾಗುವವರೆಗೆ ತೊಳೆದ ಮರಳೇ ಸಾಕು. ಕಡ್ಡಿಗಳನ್ನು ಬಿಡಿಬಿಡಿಯಾಗಿ ಊರಬೇಕು. ನಳದ ನೀರನ್ನು ಒಂದು ದಿನ ತೆರೆದಿಟ್ಟು ಬಳಸುವುದು ಮೇಲು. ಬೋರಿನ ಗಡಸು ನೀರಿಗೂ ಹೈಡ್ರಿಲ್ಲಾ ಅಂಜದು, ಎಲೆಗಳ ಮೇಲೆ ಸುಣ್ಣದಂತಹ ಪದರು ಕೂಡಬಹುದು, ಅಷ್ಟೆ. ಮೂಡಣ ಕಿಟಕಿಯ ಬೆಳಕು ಒಳ್ಳೆಯದು. ನಡುಹಗಲಿನ ಬಿಸಿಲಿನಲ್ಲಿ ನೀರು ಕಾದು ನಿಜವಾದ ಹಾವಸೆಯೇ ಮುತ್ತಿಕೊಳ್ಳುತ್ತದೆ.

ಎಲ್ಲ ನೀರುಗಿಡಗಳಿಗೂ ಕತ್ತರಿ ಸಲ್ಲದು. ರಿಬ್ಬನ್ನಿನಂತಹ ಎಲೆಗಳ ವ್ಯಾಲಿಸ್ನೇರಿಯಾಕ್ಕೆ ಉದ್ದನೆಯ ಕಾಂಡವೇ ಇಲ್ಲ; ಅದು ಹಬ್ಬುಬಳ್ಳಿ ಚಾಚಿ ಮರಿ ಹಾಕುತ್ತದೆ. ಮರಿಗೆ ಮೂರುನಾಲ್ಕು ಎಲೆಗಳು ಬಂದ ಮೇಲೆ ಬೇರ್ಪಡಿಸಬೇಕು.

ನಿಂತ ನೀರೆಂದ ಮೇಲೆ ಸೊಳ್ಳೆಯ ಚಿಂತೆ. ಭರಣಿಯ ಬಾಯಿಗೆ ತೆಳುಬಟ್ಟೆ ಬಿಗಿಯಿರಿ. ದೊಡ್ಡ ಭರಣಿಯಾದರೆ ಎರಡು ಗಪ್ಪಿ ಮೀನುಗಳನ್ನು ಬಿಡಿರಿ, ಸೊಳ್ಳೆಯ ಮರಿಗಳನ್ನು ಅವೇ ತಿನ್ನುತ್ತವೆ. ವಾರಕ್ಕೊಮ್ಮೆ ತೆಗೆಯುವ ಒಂದು ಪಾಲು ನೀರು ಹಿತ್ತಲ ಕರಿಬೇವಿಗೆ ಹೋಗಲಿ. ಅವ್ವ ಈ ಲೆಕ್ಕವನ್ನು ಕಡೆಗೆ ಒಪ್ಪಿದಳು.

ಒಂದು ವಿಷಯದಲ್ಲಿ ಮಾತ್ರ ನಾನು ನಿಷ್ಠುರ. ಕತ್ತರಿಸಿ ಉಳಿದುದನ್ನು ಹಳ್ಳಕ್ಕಾಗಲಿ, ಕೆರೆಗಾಗಲಿ, ಭೀಮೆಗಾಗಲಿ ಎಸೆಯಕೂಡದು. 1950ರ ದಶಕದಲ್ಲಿ ಮೀನಿನ ತೊಟ್ಟಿಗಳ ವ್ಯಾಪಾರಕ್ಕೆಂದು ಸಿಂಹಳದಿಂದ ಅಮೆರಿಕೆಯ ಫ್ಲೋರಿಡಾಕ್ಕೆ ತರಿಸಿದ ಇದೇ ಹೈಡ್ರಿಲ್ಲಾ, ಹೊರಗಿನ ನೀರಿಗೆ ಬಿದ್ದು, ಅಲ್ಲಿನ ಸರೋವರಗಳನ್ನೂ ಕಾಲುವೆಗಳನ್ನೂ ಕಟ್ಟಿಹಾಕಿತು. ಒಂದು ಗೆಣ್ಣಿನ ಚೂರು ತೇಲಿಹೋದರೂ ಸಾಕು. ಮಿಕ್ಕುದನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ತಿಪ್ಪೆಗೆ ಹಾಕಿರಿ.

ಸಭಾಮಂಟಪದ ಬಾಗಿಲಲ್ಲಿ ಬುಟ್ಟಿಯೊಂದಿದೆ. ಅದರಲ್ಲಿ ಆ ಲೋಟದ ವಂಶದ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮನೆಗೆ ಮೂರರಂತೆ ತೆಗೆದುಕೊಳ್ಳಿರಿ. ಹಳ್ಳಿಗೆ ಹೋಗುವವರು ದಾರಿಯಲ್ಲಿ ಬಟ್ಟೆ ಒಣಗದಂತೆ ಒಮ್ಮೆ ನೀರು ಚಿಮುಕಿಸಿಕೊಂಡರೆ ಸಂಜೆಯವರೆಗೂ ಅವಕ್ಕೆ ಅಪಾಯವಿಲ್ಲ.